ಹಳೆಯ ಡೀಸೆಲ್ ಪಿಕಪ್ ಮತ್ತು ಮಲೆನಾಡಿನ ನೀರು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಪ್ಪತ್ತು ವರ್ಷ ದಾಟಿದ ಟಾಟಾ 207, ಮಹೀಂದ್ರಾ ಪಿಕಪ್‌ಗಳು ಇಂದಿಗೂ ಅಡಿಕೆ ಮೂಟೆ, ಶುಂಠಿ, ಗೊಬ್ಬರ ಹೊರುತ್ತಿವೆ. ಇಂಥ ಗಾಡಿ ಕೊನೆಗೆ ಗುಜರಿಗೆ ಹೋಗುವಾಗಲೂ ಎಷ್ಟೋ ಸಲ ಇಂಜಿನ್ ಓಡುತ್ತಲೇ ಇರುತ್ತದೆ. ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ತೂತು ಬಿದ್ದಿರುತ್ತದೆ, ಸ್ಪ್ರಿಂಗ್ ಕೂರುವ ಬ್ರಾಕೆಟ್ ಕಿತ್ತಿರುತ್ತದೆ, ಡೀಸೆಲ್ ಪಂಪ್ ಕೆಟ್ಟಿರುತ್ತದೆ. ನಮ್ಮ ಕಡೆ ಹಳೆಯ ಡೀಸೆಲ್ ಗಾಡಿಯ ಆಯುಷ್ಯವನ್ನು ಮೀಟರಿನ ಕಿಲೋಮೀಟರಿಗಿಂತ ಹೆಚ್ಚಾಗಿ ನಿರ್ಧರಿಸುವುದು ನೀರು. ಅದು ಎಲ್ಲೆಲ್ಲಿ ಸೇರುತ್ತದೆ ಎಂದು ಗೊತ್ತಿದ್ದರೆ ಗಾಡಿಯನ್ನು ಇನ್ನೂ ಹಲವು ವರ್ಷ ಉಳಿಸಿಕೊಳ್ಳಬಹುದು.

ಮೊದಲು ಇಂಜಿನ್ ಯಾಕೆ ಬಾಳುತ್ತದೆ ಎನ್ನುವುದನ್ನು ನೋಡೋಣ. 2.5 ಲೀಟರಿನ ಹಳೆಯ ಪಿಕಪ್ ಇಂಜಿನ್ ಕೊಡುತ್ತಿದ್ದದ್ದು ಸುಮಾರು 60ರಿಂದ 70 ಅಶ್ವಶಕ್ತಿ. ಇಂದಿನ 2.2 ಲೀಟರ್ ಡೀಸೆಲ್ 130 ದಾಟುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಹದಿನೆಂಟು ಪಟ್ಟು, ಕೆಲವು ಹಳೆಯ ಮಾದರಿಗಳಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತಬೇಕು. ಅದನ್ನು ತಡೆಯಲೆಂದೇ ಬ್ಲಾಕು, ಕ್ರ್ಯಾಂಕು ದಪ್ಪಗಿರುತ್ತವೆ. ಅಷ್ಟು ಗಟ್ಟಿ ಕಬ್ಬಿಣದಿಂದ ಇಷ್ಟೇ ಶಕ್ತಿ ತೆಗೆದರೆ ಲೋಹ ದಣಿಯುವುದು ನಿಧಾನ. ಇಂಜಿನ್ ಸುತ್ತುವ ವೇಗವೂ ಕಡಿಮೆಯಾದ್ದರಿಂದ ಅದೇ ದೂರಕ್ಕೆ ಪಿಸ್ಟನ್ ಕಡಿಮೆ ಸಲ ಉಜ್ಜುತ್ತದೆ. ಉಜ್ಜಿ ಸವೆದ ಮೇಲೂ ಲೈನರ್, ರಿಂಗ್, ಬೇರಿಂಗ್ ಬದಲಿಸಿ ಮತ್ತೆ ಹೊಸದಾಗಿ ಶುರುಮಾಡಬಹುದು. ಚಾಸಿಗೆ ಆ ಅನುಕೂಲವಿಲ್ಲ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆದರೆ ಕಬ್ಬಿಣ ತುಕ್ಕು ಹಿಡಿಯಲು ಮಳೆಯೇ ಬೀಳಬೇಕೆಂದಿಲ್ಲ. ಗಾಳಿಯ ತೇವಾಂಶ ಶೇಕಡಾ 60 ದಾಟಿದರೆ ಬರಿಗಣ್ಣಿಗೆ ಕಾಣದ ನೀರಿನ ಪೊರೆ ಲೋಹದ ಮೇಲೆ ಕೂತು ಕೆಲಸ ಶುರುಮಾಡುತ್ತದೆ. ಮೃಗಶಿರ ಮಳೆಯಿಂದ ಹಿಡಿದು ದೀಪಾವಳಿಯವರೆಗೆ ಮಲೆನಾಡಿನ ಗಾಳಿ ಈ ಮಟ್ಟಕ್ಕಿಂತ ಕೆಳಗಿಳಿಯುವುದೇ ಅಪರೂಪ. ಚಾಸಿಯ ಸಂದಿಯಲ್ಲಿ ಸಿಕ್ಕಿಕೊಂಡ ದರಕು (ಒಣ ಎಲೆ), ಕೆಮ್ಮಣ್ಣು, ಅಡಿಕೆ ಸಿಪ್ಪೆಯ ಚೂರು ಆ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹೊರಗೆ ಬಿಸಿಲು ಬಂದರೂ ಒಳಗೆ ಒದ್ದೆ ಆರುವುದಿಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಎರಡು ತಗಡು ಸೇರುವಲ್ಲಿ ಹುಟ್ಟಿದ ತುಕ್ಕು ಉಬ್ಬಿ ರಿವೆಟ್ಟನ್ನೇ ಎಳೆದು ಸಡಿಲಿಸುತ್ತದೆ.

ಇದರ ಮೇಲೆ ತೋಟದ ಸಾಮಾನು. ಪೊಟ್ಯಾಷ್ ಗೊಬ್ಬರ ಕ್ಲೋರೈಡ್ ಲವಣ. ಟ್ರೇಯಲ್ಲಿ ಚೆಲ್ಲಿದರೆ ಅದು ಮಾಡುವ ಹಾನಿ ಕಡಲತೀರದ ಉಪ್ಪಿನದ್ದೇ. ಅದಕ್ಕಿಂತ ಕೆಟ್ಟದ್ದು ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು. ಮೈಲುತುತ್ತಿಗೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಬೆಳೆಗಾರರು ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತಾಮ್ರ. ಅದು ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯಬೇಕು. ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 255 ಗ್ರಾಂ ತಾಮ್ರ ಇದೆ. ಲೆಕ್ಕದ ಪ್ರಕಾರ ಅದು 220 ಗ್ರಾಮಿನಷ್ಟು ಕಬ್ಬಿಣವನ್ನು ತಿನ್ನಬಲ್ಲದು. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಟ್ರೇ ತಗಡಿನ ಮೇಲೆ ಕೂತ ತಾಮ್ರವೂ ಪಕ್ಕದ ಕಬ್ಬಿಣವೂ ಒದ್ದೆಯಾದಾಗಲೆಲ್ಲ ಸಣ್ಣ ಬ್ಯಾಟರಿಯಾಗುತ್ತವೆ, ಸವೆಯುವುದು ಯಾವಾಗಲೂ ಕಬ್ಬಿಣವೇ. ಸುಣ್ಣ ಸರಿಯಾಗಿ ಬೆರೆತ ದ್ರಾವಣದಿಂದ ಇಷ್ಟು ಅಪಾಯವಿಲ್ಲ. ಮೈಲುತುತ್ತನ್ನು ಬರೀ ನೀರಿನಲ್ಲಿ ಕರಗಿಸಿಟ್ಟ ಡ್ರಮ್ ತುಳುಕುವುದೇ ತೊಂದರೆ. ಅದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಸಾಗಿಸಬೇಕು, ಟ್ರೇಗೆ ದಪ್ಪ ರಬ್ಬರ್ ಹಾಸಬೇಕು. ಸಂಜೆ ರಬ್ಬರನ್ನು ಎತ್ತಿ ಕೆಳಗೂ ತೊಳೆಯಬೇಕು.

ಮಳೆಗಾಲ ಮುಗಿದೊಡನೆ ಅಡಿಭಾಗಕ್ಕೆ ಒಂದು ದೊಡ್ಡ ಕೆಲಸ ಮಾಡಬೇಕು. ಪೆಟ್ಟಿಗೆಯಂತೆ ಮುಚ್ಚಿದ ಅಡ್ಡಪಟ್ಟಿಗಳ ಕೆಳಗೆ ನೀರು ಇಳಿಯಲು ತೂತುಗಳಿರುತ್ತವೆ, ಅವು ಕೆಸರಿನಿಂದ ಮುಚ್ಚಿರುತ್ತವೆ. ತಂತಿ ಹಾಕಿ ಬಿಡಿಸಿ, ಪೈಪನ್ನು ಒಳಕ್ಕೆ ತೂರಿಸಿ ತಿಳಿನೀರು ಬರುವವರೆಗೆ ತೊಳೆಯಿರಿ. ಕನಿಷ್ಠ ಎರಡು ದಿನ ಚೆನ್ನಾಗಿ ಬಿಸಿಲಿಗೆ ಬಿಡಿ. ಸಣ್ಣ ಸುತ್ತಿಗೆಯಿಂದ ಹಿಂದಿನ ಸ್ಪ್ರಿಂಗ್ ಬ್ರಾಕೆಟ್, ಕ್ಯಾಬಿನ್ ಕೂರುವ ಜಾಗ, ಬ್ಯಾಟರಿ ತಟ್ಟೆಯ ಕೆಳಭಾಗ ತಟ್ಟಿ ನೋಡಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ ಎರಡು ಕೋಟ್ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ ಹೊಡೆಯಿರಿ. ಪೆಟ್ಟಿಗೆಯ ಒಳಗೆ ಮೇಣದ ಸ್ಪ್ರೇ ಸಾಕು. ತುಕ್ಕಿನ ಮೇಲೆಯೇ ದಪ್ಪ ಡಾಂಬರು ಬಳಿಯುವುದನ್ನು ದಯವಿಟ್ಟು ಮಾಡಬೇಡಿ. ಅದರ ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಹಳೆಯ ಇಂಜಿನ್ ಆಯಿಲ್ ಸಿಂಪಡಿಸುವ ರೂಢಿಯೂ ಒಳ್ಳೆಯದಲ್ಲ. ತುಕ್ಕು ತಡೆಯುತ್ತದೆ ನಿಜ, ಆದರೆ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ತೊಟ್ಟಿಕ್ಕಿದ್ದು ಹಳ್ಳಕ್ಕೂ ಬಾವಿಗೂ ಸೇರುತ್ತದೆ.

ಡೀಸೆಲ್ ಪಂಪಿನ ವಿಷಯ ಇನ್ನೂ ಸೂಕ್ಷ್ಮ. ಅದರೊಳಗೆ ಡೀಸೆಲ್ಲನ್ನು ಒತ್ತುವ ದಂಡ (ಪ್ಲಂಜರ್) ಮತ್ತು ಅದು ಓಡಾಡುವ ಕೊಳವೆ (ಬ್ಯಾರೆಲ್) ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಕೂದಲು ಅದಕ್ಕಿಂತ ಹತ್ತು ಪಟ್ಟಿಗೂ ದಪ್ಪ. ಅಲ್ಲಿ ಜಾರಿಸುವ ಎಣ್ಣೆಯ ಕೆಲಸ ಮಾಡುವುದು ಡೀಸೆಲ್ಲೇ. ಒಂದು ಹನಿ ನೀರು ಬಂದರೆ ಆ ಜಾಗದಲ್ಲಿ ಲೋಹ ಲೋಹವನ್ನೇ ಉಜ್ಜುತ್ತದೆ. ಗಾಡಿ ನಾಲ್ಕು ದಿನ ನಿಂತರೆ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣ್ಣಗಾಗಿ ಹನಿಗಟ್ಟುತ್ತದೆ. ಕ್ಯಾನಿನಲ್ಲಿ ತಂದ ಡೀಸೆಲ್ಲಿನ ಜೊತೆಗೂ ನೀರು ಬರುತ್ತದೆ. ಮಳೆಗಾಲದಲ್ಲಿ ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ವಾರಕ್ಕೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷದಲ್ಲಿ ನೀರು ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಗೆರೆಯಲ್ಲಿ ಕಪ್ಪು ಲೋಳೆ ಕಂಡರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿವೆ. ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕ್ ಇಳಿಸಿ ತೊಳೆಯಬೇಕು. ಫಿಲ್ಟರ್ ಬದಲಿಸಿದ ಮೇಲೆ ಏರ್ ತೆಗೆಯುವಾಗ ಕೈಪಂಪ್ ಒತ್ತುತ್ತಾ ಬ್ಲೀಡ್ ಸ್ಕ್ರೂನಿಂದ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿಮಾಡಿ.

2020ರ ಏಪ್ರಿಲಿನಿಂದ ದೇಶದೆಲ್ಲೆಡೆ ಸಿಗುತ್ತಿರುವ ಬಿಎಸ್-6 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡದ) ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಬಿಎಸ್-3ರಲ್ಲಿ ಅದು 350 ಇತ್ತು. ಗಂಧಕ ಹೋದರೆ ಹಳೆಯ ಪಂಪ್ ಸವೆಯುತ್ತದೆ ಎಂದು ಟೂ-ಸ್ಟ್ರೋಕ್ ಇಂಜಿನ್ನಿನ 2ಟಿ ಆಯಿಲ್ ಬೆರೆಸುವವರಿದ್ದಾರೆ. ಜಾರುಗುಣ ಕೊಡುತ್ತಿದ್ದದ್ದು ಗಂಧಕವಲ್ಲ. ಗಂಧಕ ತೆಗೆಯುವಾಗ ಜೊತೆಗೇ ಹೋಗುವ ಬೇರೆ ಅಣುಗಳು. ಆ ಕೊರತೆಯನ್ನು ಸರಿದೂಗಿಸಲು ಮಾರಾಟಕ್ಕೆ ಬರುವ ಮೊದಲೇ ಡೀಸೆಲ್ಲಿಗೆ ಸೇರಿಕೆ ಹಾಕಿರುತ್ತಾರೆ. 2ಟಿಗೆ ಕೊಡುವ ದುಡ್ಡನ್ನು ಒಳ್ಳೆಯ ಫಿಲ್ಟರಿಗೆ ಹಾಕಿ.

ಇಂಜಿನ್ನಿನೊಳಗೂ ನೀರು ಹುಟ್ಟುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಇಂಜಿನ್ ಸರಿಯಾಗಿ ಬಿಸಿಯಾಗಿದ್ದರೆ ಅದು ಸೈಲೆನ್ಸರಿನ ದಾರಿ ಹಿಡಿಯುತ್ತದೆ. ತಣ್ಣಗಿದ್ದರೆ ರಿಂಗ್ ದಾಟಿ ಇಳಿದ ಅಂಶ ಆಯಿಲ್ಲಿನಲ್ಲೇ ಹನಿಗಟ್ಟಿ ಆಮ್ಲವಾಗಿ, ಕೆಸರಾಗಿ ಕೂರುತ್ತದೆ. ಘಾಟಿಯಲ್ಲಿ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತೆಸೆಯುವ ಅಭ್ಯಾಸ ಇಲ್ಲಿ ಬಹಳ. ಮಳೆಗಾಲದಲ್ಲಿ, ಮನೆಯಿಂದ ಸೊಸೈಟಿಗೆ ನಾಲ್ಕು ಕಿಲೋಮೀಟರ್ ಓಡುವ ಗಾಡಿಗೆ ಇದು ನಿಧಾನವಿಷ. ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ತೂಗುಹಾಕಿ ಕಾಯಿಸಿ, ಥರ್ಮಾಮೀಟರ್ ಇಡಿ. ಅದರ ಮೇಲೆ ಒತ್ತಿರುವ ಅಂಕೆಯ ಆಸುಪಾಸಿನಲ್ಲಿ, ಸಾಮಾನ್ಯವಾಗಿ 80 ಡಿಗ್ರಿ ದಾಟಿದಾಗ, ಬಾಯಿ ಬಿಡಬೇಕು. ಬಿಟ್ಟರೆ ಅದು ಸರಿಯಿದೆ. ಗಾಡಿ ಕುದಿಯಲು ಕಾರಣ ರೇಡಿಯೇಟರಿನಲ್ಲೋ ಫ್ಯಾನ್ ಬೆಲ್ಟಿನಲ್ಲೋ ಇದೆ.

ರೇಡಿಯೇಟರಿಗೆ ಹಳ್ಳದ ನೀರು ತುಂಬುವುದೂ ಹೀಗೆಯೇ. ಜಂಬಿಟ್ಟಿಗೆ ನೆಲದ ನೀರು ಮೆದು, ಪಾತ್ರೆಯಲ್ಲಿ ಕರೆ ಕಟ್ಟುವುದಿಲ್ಲ, ಹಾಗಾಗಿ ಒಳ್ಳೆಯದೆಂದು ಅನಿಸುತ್ತದೆ. ಆದರೆ ಅದು ಸಾಮಾನ್ಯವಾಗಿ ತುಸು ಆಮ್ಲೀಯ, ಎರಕದ ಬ್ಲಾಕನ್ನು ಒಳಗಿಂದ ತಿನ್ನುತ್ತದೆ. ಕೂಲೆಂಟ್ ಹಾಕುವುದು ಹಿಮಕ್ಕಾಗಿ ಅಲ್ಲ, ಅದರಲ್ಲಿರುವ ತುಕ್ಕು ತಡೆಯುವ ರಾಸಾಯನಿಕಕ್ಕಾಗಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಜೀವಕ್ಕೆ ನೇರವಾಗಿ ಸಂಬಂಧಿಸಿದ್ದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ತಾನೇ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಲೋಡ್ ಹಾಕಿ ಬ್ರೇಕ್ ಮೇಲೆಯೇ ಇಳಿದರೆ ಆ ಬಿಸಿ ಬರುವುದು ಕಷ್ಟವಲ್ಲ. ಆಯಿಲ್ ಕುದಿದು ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬಯಲುಸೀಮೆಯಲ್ಲಿ ಎರಡು ವರ್ಷ ನಡೆದರೂ ಇಲ್ಲಿ ಪ್ರತಿ ವರ್ಷ ಬದಲಿಸಬೇಕು. ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ, ಇಂಜಿನ್ ಆಫ್ ಮಾಡಲೇಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಕಾಲಿನ ಒತ್ತಡಕ್ಕೆ ಬಲ ಕೊಡುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಬರುವುದು ಬೇರೆಯೇ ಪಂಪಿನಿಂದ, ಎಷ್ಟೋ ಗಾಡಿಗಳಲ್ಲಿ ಅದು ಆಲ್ಟರ್ನೇಟರಿನ ಬೆನ್ನಿಗಿರುತ್ತದೆ. ಇಂಜಿನ್ ನಿಂತರೆ ಅದೂ ನಿಲ್ಲುತ್ತದೆ, ಪೆಡಲ್ ಕಲ್ಲಾಗುತ್ತದೆ.

ಹಳ್ಳ ದಾಟುವ ಗಾಡಿಯ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳ ನಡುವಿನ ಗೇರುಪೆಟ್ಟಿಗೆ) ಬಿಸಿಯಾಗಿರುತ್ತದೆ. ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡಲು ಬಿಟ್ಟ ಬ್ರೀದರಿನ ತೂತಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಚಾಸಿಗಿಂತ ಮೇಲಕ್ಕೆ ಒಯ್ದು ಕಟ್ಟಿದರೆ ಈ ದಾರಿ ಮುಚ್ಚುತ್ತದೆ. ಈಗಾಗಲೇ ನೀರು ಸೇರಿದೆಯೇ ಎಂದು ನೋಡಲು ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಡ್ರೈನ್ ಪ್ಲಗ್ ಸ್ವಲ್ಪವೇ ಸಡಿಲಿಸಿ. ನೀರಿದ್ದರೆ ಅದೇ ಮೊದಲು ಬರುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಇಳಿಸಿ, ಹೊಸ ಇಪಿ 90 ಗೇರ್ ಆಯಿಲ್ ಹಾಕಿ, ವಾರ ಓಡಿಸಿ ಮತ್ತೊಮ್ಮೆ ಬದಲಿಸಿ.

ಇನ್ನು ಬೆಳಿಗ್ಗೆ ಸ್ಟಾರ್ಟರ್ ಮೆಲ್ಲಗೆ ತಿರುಗಿದರೆ ಬ್ಯಾಟರಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಮಲ್ಟಿಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕೆಟ್ಟಿರುವುದು ಬ್ಯಾಟರಿಯ ನೆಗೆಟಿವನ್ನು ಚಾಸಿಗೂ ಇಂಜಿನ್ನಿಗೂ ಸೇರಿಸುವ ಅರ್ಥಿಂಗ್ ಪಟ್ಟಿ, ಹೆಚ್ಚಾಗಿ ಚಾಸಿಗೆ ಬೋಲ್ಟ್ ಹಾಕಿದ ತುದಿಯಲ್ಲಿ. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿಮಾಡಿದ ಮೇಲೆ ಗ್ರೀಸ್ ಸವರಿ.