ಮನೆ ಕಂಪ್ಯೂಟರಿನಿಂದ ಫ್ಯಾಕ್ಸ್: ಲೈನು ಮತ್ತು ಪುಟ

ಫ್ಯಾಕ್ಸ್ ಅಂದರೆ ಫೋನ್ ಲೈನಿನಲ್ಲಿ ಸದ್ದಾಗಿ ಹೋಗುವ ಕಪ್ಪು-ಬಿಳಿ ಚಿತ್ರ. ಇಷ್ಟು ಮನಸ್ಸಿನಲ್ಲಿದ್ದರೆ ಮುಂದೆ ಬರುವ ತೊಂದರೆಗಳ ಕಾರಣ ಬೇಗ ತಿಳಿಯುತ್ತದೆ. ಕಂಪ್ಯೂಟರ್ ಕೆಡುವುದು ಅಪರೂಪ. ಕೈಕೊಡುವುದು ಲೈನು, ಇಲ್ಲವೇ ಪುಟ.

ಬೇಕಾದದ್ದು ಯುಎಸ್‌ಬಿ ಫ್ಯಾಕ್ಸ್ ಮೋಡೆಮ್, ಆರ್‌ಜೆ-11 ವೈರು (ಸಾಮಾನ್ಯ ಫೋನ್ ವೈರು), ಲ್ಯಾಂಡ್‌ಲೈನ್, ಸಹಿ-ಮೊಹರಿನ ಕಾಗದ ಕಳಿಸುವುದಿದ್ದರೆ ಸ್ಕ್ಯಾನರ್. ಇಂಟರ್‌ನೆಟ್ಟಿಗೆ ಹಾಕಿಸಿಕೊಂಡ ಡಬ್ಬಿಯನ್ನೂ ಮೋಡೆಮ್ ಅನ್ನುತ್ತೇವೆ, ಆದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಮೊಬೈಲ್ ಸಿಮ್ಮೂ ಅಷ್ಟೇ: ಆ ಜಾಲ ಮನುಷ್ಯರ ಮಾತಿಗೆ ಹೊಂದುವಂತೆ ಧ್ವನಿಯನ್ನು ಕುಗ್ಗಿಸುತ್ತದೆ, ಫ್ಯಾಕ್ಸಿನ ಸದ್ದು ಅದರಲ್ಲಿ ಉಳಿಯುವುದಿಲ್ಲ.

ವಿಂಡೋಸ್‌ನಲ್ಲಿ ‘ವಿಂಡೋಸ್ ಫ್ಯಾಕ್ಸ್ ಅಂಡ್ ಸ್ಕ್ಯಾನ್’ ತೆರೆಯಿರಿ. ಕಾಣದಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಿಂದ ಸೇರಿಸಿಕೊಳ್ಳಿ. ಟೂಲ್ಸ್, ಫ್ಯಾಕ್ಸ್ ಅಕೌಂಟ್ಸ್, ಆಡ್, ಆಮೇಲೆ ‘ಕನೆಕ್ಟ್ ಟು ಎ ಫ್ಯಾಕ್ಸ್ ಮೋಡೆಮ್’. ವರ್ಡ್ ಕಡತವಾದರೆ ಪ್ರಿಂಟ್ ಕೊಟ್ಟು ಪ್ರಿಂಟರ್ ಪಟ್ಟಿಯಲ್ಲಿ ‘ಫ್ಯಾಕ್ಸ್’ ಆರಿಸಿದರೆ ಸಾಕು. ಎಡವುವುದು ನಂಬರಿನಲ್ಲಿ. ಡಯಲಿಂಗ್ ರೂಲ್ಸ್‌ನಲ್ಲಿ ನಿಮ್ಮ ಊರಿನ ಕೋಡ್ ತಪ್ಪಿದ್ದರೆ ಕಲಬುರಗಿಯಿಂದ ಕಲಬುರಗಿಗೇ ಎಸ್‌ಟಿಡಿ ಹಚ್ಚಲು ಹೋಗುತ್ತದೆ, ಅಥವಾ ಸೊನ್ನೆ ಎರಡು ಸಲ ಬೀಳುತ್ತದೆ. ಆ ರೂಲ್ಸ್ ಬಿಟ್ಟು ಪೂರ್ತಿ ನಂಬರ್ ನೀವೇ ಬರೆಯುವುದು ನಿರಾಳ: ಬೀದರಿಗೆ 08482, ಯಾದಗಿರಿಗೆ 08473, ಮುಂದೆ ಅಲ್ಲಿನ ನಂಬರ್. ಕಚೇರಿಯ ಒಳಗಿನ ಎಕ್ಸ್‌ಚೇಂಜ್ ಮೂಲಕ ಹೊರಲೈನ್ ಹಿಡಿಯಬೇಕಾದರೆ ಮೊದಲ ಅಂಕಿಯಾದ ಮೇಲೆ ಅಲ್ಪವಿರಾಮ ಹಾಕಿ; ಮೋಡೆಮ್ ಸಾಮಾನ್ಯವಾಗಿ 2 ಸೆಕೆಂಡ್ ತಡೆಯುತ್ತದೆ. ಫೋನಿನಲ್ಲಿ ಟೋನ್ ಕೇಳಿಸುತ್ತಿದ್ದರೂ ಮೋಡೆಮ್ ‘ಡಯಲ್ ಟೋನ್ ಇಲ್ಲ’ ಅಂದರೆ, ಕಂಟ್ರೋಲ್ ಪ್ಯಾನೆಲ್‌ನ ‘ಫೋನ್ ಅಂಡ್ ಮೋಡೆಮ್’ನಲ್ಲಿ ಮೋಡೆಮಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್‌ಗೆ ಹೋಗಿ ಹೆಚ್ಚುವರಿ ಕಮಾಂಡಿನ ಜಾಗದಲ್ಲಿ ‘ಎಟಿಎಕ್ಸ್3’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಅದು ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ.

ಈಗ ಪುಟ. ಕನ್ನಡದವರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿ. ಸಾಮಾನ್ಯ ಫ್ಯಾಕ್ಸ್ ಪುಟದ ಒಂದು ಗೆರೆಯಲ್ಲಿ 1728 ಚುಕ್ಕೆ. ಸ್ಟ್ಯಾಂಡರ್ಡ್ ಗುಣಮಟ್ಟದಲ್ಲಿ ಮಿಲಿಮೀಟರಿಗೆ 3.85 ಗೆರೆ, ಫೈನ್‌ನಲ್ಲಿ 7.7. ಅಡ್ಡಕ್ಕೆ ಮಿಲಿಮೀಟರಿಗೆ ಸುಮಾರು 8 ಚುಕ್ಕೆ ಇದ್ದರೂ ಉದ್ದಕ್ಕೆ ಅದರ ಅರ್ಧವೂ ಸಿಗದಿರುವುದು ಸ್ಟ್ಯಾಂಡರ್ಡ್‌ನ ದೋಷ. ದ-ಧ, ಬ-ಭ ಬೇರೆಯಾಗುವುದು ಕೆಳಗಿನ ಸಣ್ಣ ಸೀಳಿನಿಂದ, ಪ-ಷ ಬೇರೆಯಾಗುವುದು ಒಳಗಿನ ಒಂದು ಗೀಟಿನಿಂದ. ಆ ಜಾಗಕ್ಕೆ ಸ್ಟ್ಯಾಂಡರ್ಡ್‌ನಲ್ಲಿ ಎರಡು ಮೂರು ಗೆರೆ ಬಿದ್ದರೆ ಹೆಚ್ಚು. ಒತ್ತಕ್ಷರಗಳಂತೂ ಮಸಿಯ ಉಂಡೆ. ಹಾಗಾಗಿ ಕನ್ನಡ ಪುಟಕ್ಕೆ ಯಾವಾಗಲೂ ಫೈನ್, ಅಕ್ಷರ 14 ಪಾಯಿಂಟ್. ಫ್ಯಾಕ್ಸ್ ಪ್ರಿಂಟರಿನ ಪ್ರಿಫರೆನ್ಸಸ್‌ನಲ್ಲಿ ‘ಡ್ರಾಫ್ಟ್’ ಇದ್ದರೆ ತೆಗೆಯಿರಿ. ಚಿತ್ರವಾಗಿ ಹೋಗುವುದರಿಂದ ಒಂದು ಅನುಕೂಲವೂ ಇದೆ: ನುಡಿ, ಬರಹ, ಯಾವ ಫಾಂಟಿನಲ್ಲಿ ಬರೆದರೂ ಆಚೆ ಕಡೆ ಆ ಫಾಂಟ್ ಬೇಕಿಲ್ಲ.

ಹೊತ್ತಿನ ಲೆಕ್ಕವೂ ಪುಟದಲ್ಲೇ ಇದೆ. ಸ್ಟ್ಯಾಂಡರ್ಡ್ ಎ4 ಪುಟ ಸುಮಾರು 20 ಲಕ್ಷ ಬಿಟ್. ಸೆಕೆಂಡಿಗೆ 14,400 ಬಿಟ್ ವೇಗದಲ್ಲಿ, ಕುಗ್ಗಿಸದಿದ್ದರೆ, ಎರಡು ನಿಮಿಷದ ಮೇಲಾಗುತ್ತದೆ. ಫ್ಯಾಕ್ಸ್ ‘ಇಷ್ಟು ಚುಕ್ಕೆ ಬಿಳಿ, ಇಷ್ಟು ಕಪ್ಪು’ ಎಂದು ಲೆಕ್ಕ ಮಾತ್ರ ಕಳಿಸುವುದರಿಂದ ಖಾಲಿ ಜಾಗ ಹೆಚ್ಚಿರುವ ಪತ್ರ ಬೇಗ ಮುಗಿಯುತ್ತದೆ. ಬಿದರಿ ಹೂಜಿಯ ಫೋಟೊ ಕಳಿಸಿ ನೋಡಿ: ಬೂದು ಛಾಯೆ ತೋರಿಸಲು ಚುಕ್ಕೆ ಚುಕ್ಕೆಯಾಗಿ ಒಡೆದು, ಲೆಕ್ಕ ತುಂಡು ತುಂಡಾಗಿ, ಪುಟ ಎಳೆಯುತ್ತಲೇ ಇರುತ್ತದೆ. ಫೋಟೊಗೆ ಇಮೇಲೇ ವಾಸಿ. ಛಾಪಾ ಕಾಗದದ ಹಿನ್ನೆಲೆ ವಿನ್ಯಾಸವೂ ಇದೇ ಕಾಟ ಕೊಡುತ್ತದೆ. 200 ಡಿಪಿಐ ಕಪ್ಪು-ಬಿಳಿ ಸ್ಕ್ಯಾನ್ ಮಾಡಿ, ಹಿನ್ನೆಲೆ ಮಾಯವಾಗಿ ನೀಲಿ ಮೊಹರು ಉಳಿಯುವವರೆಗೆ ಬ್ರೈಟ್‌ನೆಸ್ ಏರಿಸಿ ಇಳಿಸಿ ನೋಡಬೇಕು.

ಲೈನ್ ಪರೀಕ್ಷೆಗೆ ಕಿವಿ ಸಾಕು. ಕರೆ ಮಾಡಿದ ಯಂತ್ರ 1100 ಹರ್ಟ್ಸ್‌ನ ಬೀಪನ್ನು ಅರ್ಧ ಸೆಕೆಂಡ್ ಕೊಟ್ಟು 3 ಸೆಕೆಂಡ್ ಸುಮ್ಮನಿರುತ್ತದೆ. ಎತ್ತಿಕೊಂಡದ್ದು 2100 ಹರ್ಟ್ಸ್‌ನಲ್ಲಿ ಉದ್ದಕ್ಕೆ ಕೂಗುತ್ತದೆ. ನಂತರ ವೇಗದ ಮಾತುಕತೆ: 14,400 ಒಪ್ಪಿಗೆಯಾಗದಿದ್ದರೆ 12,000, 9,600 ಎಂದು ಇಳಿಯುತ್ತದೆ. ಕಾಲ್ ವೇಟಿಂಗ್‌ನ ಒಂದು ಬೀಪ್, ಒಳಕೋಣೆಯಲ್ಲಿ ಯಾರೋ ಎತ್ತಿದ ಎಕ್ಸ್‌ಟೆನ್ಷನ್, ಎರಡೂ ಪುಟವನ್ನು ನಡುವೆ ಕಡಿಯುತ್ತವೆ. ಅದೇ ಫೋನ್ ಲೈನಿನಲ್ಲಿ ಇಂಟರ್‌ನೆಟ್ಟೂ ಬರುವ ಎಡಿಎಸ್‌ಎಲ್ ಇದ್ದರೆ ಫಿಲ್ಟರಿನ ಫೋನ್ ತೂತಿಗೇ ಮೋಡೆಮ್ ಸಿಕ್ಕಿಸಿ. ಫೈಬರ್ ಲೈನಿನಲ್ಲಿ ಧ್ವನಿ ಪ್ಯಾಕೆಟ್ಟುಗಳಾಗಿ ಹೋಗುತ್ತದೆ. ಒಂದೆರಡು ತಡವಾದರೂ ಮಾತಿಗೆ ತೊಂದರೆಯಿಲ್ಲ, ಫ್ಯಾಕ್ಸ್ ಮಾತ್ರ ತುಂಡಾಗುತ್ತದೆ. ಇಂಥ ಲೈನಿನಲ್ಲಿ ಫ್ಯಾಕ್ಸ್ ಕಳಿಸಲೆಂದೇ ಇರುವ ಟಿ.38 ಎಂಬ ವಿಧಾನಕ್ಕೆ ಬೆಂಬಲ ಇದೆಯೇ ಎಂದು ಸೇವೆ ಕೊಡುವವರನ್ನು ಕೇಳಿ. ಇಲ್ಲದಿದ್ದರೆ ವೇಗ 9,600ಕ್ಕೆ ಇಳಿಸಿ, ದೋಷ ತಿದ್ದುವ ಇಸಿಎಂ ಆಫ್ ಮಾಡಲು ಬಿಡುವ ಹೈಲಾಫ್ಯಾಕ್ಸ್‌ನಂಥ ತಂತ್ರಾಂಶ ಬೇಕಾಗುತ್ತದೆ. ಇಸಿಎಂ ತೆಗೆದರೆ ಅಲ್ಲಲ್ಲಿ ಗೆರೆ ಕೆಡಬಹುದು, ಪುಟವಂತೂ ತಲುಪುತ್ತದೆ.

ಸ್ವೀಕರಿಸಲು ‘ಆನ್ಸರ್ ಆಟೊಮ್ಯಾಟಿಕಲಿ’ ಆರಿಸಿದರೆ ಐದು ರಿಂಗಾದ ಮೇಲೆ ಕಂಪ್ಯೂಟರ್ ಎತ್ತುತ್ತದೆ. ಮಾತಿಗೂ ಅದೇ ನಂಬರಾದರೆ ‘ನೋಟಿಫೈ ಮಿ’ ಇಟ್ಟು, ಬೀಪ್ ಕೇಳಿದಾಗ ಸ್ವೀಕರಿಸಿ. ಸ್ಲೀಪ್ ಬಂದ್ ಮಾಡಿರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿ ನಂಬಿ ಕೂತರೆ ಆಗದು: ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತದೆ, ಫೈಬರ್ ಡಬ್ಬಿಗೆ ಮಾತ್ರ ನಿಮ್ಮ ಮನೆಯದೇ ಬೇಕು. ಅದಕ್ಕೊಂದು ಸಣ್ಣ ಯುಪಿಎಸ್ ಇರಲಿ. ಬಂದ ಪುಟಗಳು ಟಿಫ್ ಕಡತವಾಗಿ ಇನ್‌ಬಾಕ್ಸಿನಲ್ಲಿ ಕೂರುತ್ತವೆ.

ಕಳಿಸಿದ್ದು ‘ಸೆಂಟ್ ಐಟಮ್ಸ್’ಗೆ ಬಂದರೆ ಆಚೆಯ ಯಂತ್ರ ಪುಟ ಪಡೆಯಿತೆಂದು ಅರ್ಥ. ಅಲ್ಲಿ ಕಾಗದ ತೀರಿ ಅದು ಮೆಮೊರಿಯಲ್ಲೇ ಉಳಿದಿರಬಹುದು, ಆದ್ದರಿಂದ ಟೆಂಡರ್, ಕೋರ್ಟಿನ ಕಾಗದವಾದರೆ ಫೋನ್ ಮಾಡಿ ಪುಟಗಳ ಸಂಖ್ಯೆ ಕೇಳಿಕೊಳ್ಳಿ.