ಸಸಿ ತರುವ ಮೊದಲು ಕುತ್ತಿ ಎಣಿಸಿ

ಮೇ ತಿಂಗಳ ಕೊನೆಗೆ ಬರುವ ಪ್ರಶ್ನೆ ಪ್ರತಿ ವರ್ಷವೂ ಒಂದೇ: "ಗುಡ್ಡೆ ಸವರಿಸಿ ಆಯಿತು, ಜೆಸಿಬಿ ಬಂದು ಹೋಯಿತು, ಇನ್ನು ಯಾವ ಕಾಡುಮರ ನೆಡಬಹುದು?" ಕಾಸರಗೋಡು ಜಿಲ್ಲೆಯ ಪೈವಳಿಕೆಯವರದ್ದೂ ಇದೇ, ಎಣ್ಮಕಜೆ, ಬದಿಯಡ್ಕದವರದ್ದೂ ಇದೇ. ಕೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಸವರುವ ಮೊದಲೇ ಕೇಳಿದ್ದರೆ ಬಹುಪಾಲು ಸಸಿ ತರುವ ಅಗತ್ಯವೇ ಬೀಳುತ್ತಿರಲಿಲ್ಲ. ನೆಡಬೇಕೆಂದಿದ್ದ ಮರಗಳು ಕುತ್ತಿಗಳಾಗಿ, ಅಂದರೆ ಕಡಿದ ಮರದ ಜೀವಂತ ಬುಡಗಳಾಗಿ, ಅಲ್ಲೇ ಇದ್ದವು. ಜೆಸಿಬಿ ಕಿತ್ತು ಹಾಕಿದ್ದು ಅವನ್ನೇ.

ಮುರಕಲ್ಲು (ಜಂಬಿಟ್ಟಿಗೆ) ಗುಡ್ಡೆಯ ಕುರುಚಲಿನ ನಡುವೆ ಕುಕ್ಕರಗಾಲಲ್ಲಿ ಕೂತು ನೋಡಿ. ಸೊಂಟದೆತ್ತರದ ಒಂದು ಪೊದೆ. ಎಲೆ ಸರಿಸಿದರೆ ಬುಡದಲ್ಲಿ ತೊಡೆಗಾತ್ರದ ಕುತ್ತಿ, ಅದರ ಮೈತುಂಬ ಹಳೆಯ ಕತ್ತಿಗಾಯ ಮಾಗಿದ ಗಂಟುಗಳು, ಗಂಟಿನ ಸುತ್ತ ಹತ್ತು ಹನ್ನೆರಡು ಚಿಗುರು. ಅದು ಪೊದೆಯಲ್ಲ, ಮರುವ ಎಂಬ ಕಾಡುಮರ. ಪಕ್ಕದ್ದು ನೇರಳೆ, ಆಚೆಯದು ಇರುಳು, ಕೆಳಗಿನದ್ದು ಬೇಂಗ. ಕಡಿದರೆ ಮತ್ತೆ ಚಿಗುರುವ ಜಾತಿಗಳಿವು. ಬೇರು ಮುರಕಲ್ಲಿನ ಬಿರುಕು ಹುಡುಕಿಕೊಂಡು ಎಂದೋ ಆಳಕ್ಕೆ ಇಳಿದಿದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬೆಳೆದ ಸಸಿ ಆ ಆಳ ಮುಟ್ಟಬೇಕಾದರೆ ಹಲವು ಬೇಸಗೆ ಬದುಕಿ ಉಳಿಯಬೇಕು. ನಮ್ಮಲ್ಲಿ 3,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ, ನಿಜ. ಆದರೆ ಡಿಸೆಂಬರಿನಿಂದ ಮೇ ನಡುವಿನವರೆಗೆ ಹೆಚ್ಚುಕಡಿಮೆ ಒಣ. ಪರಿಸರ ದಿನವೆಂದು ಜೂನ್ 5ಕ್ಕೆ ನೆಟ್ಟ ಸಸಿ ಸಾಯುವುದು ಜೂನಿನಲ್ಲಲ್ಲ, ಮಾರ್ಚಿನಲ್ಲಿ.

ಹಾಗಾದರೆ ಕುತ್ತಿ ಯಾಕೆ ಮರವಾಗಲಿಲ್ಲ? ವರ್ಷ ವರ್ಷವೂ ದನದ ಹಟ್ಟಿಗೆ ಹಾಸಲು ಸೊಪ್ಪು ಬೇಕು, ಬಚ್ಚಲು ಒಲೆಗೆ ಸೌದೆ ಬೇಕು; ಎರಡಕ್ಕೂ ಕತ್ತಿ ಬೀಳುವುದು ಅದಕ್ಕೇ. ಆದ್ದರಿಂದ ಗುಡ್ಡೆಯ ಮಾತು ಒಲೆಯ ಬುಡದಿಂದ ಶುರುವಾಗಬೇಕು. ಇದನ್ನು ಎಷ್ಟು ಹೇಳಿದರೂ "ಅದಿರಲಿ, ಗಿಡದ ವಿಷಯ ಹೇಳಿ" ಅನ್ನುತ್ತಾರೆ. ಗಿಡದ ವಿಷಯವೇ ಅದು.

ಮನೆಯವರ ದಿನದ ಸ್ನಾನಕ್ಕೆಂದು 100 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ ಸುಮಾರು 2.3 ಯೂನಿಟ್ ಕರೆಂಟಿನಷ್ಟು. ತೆರೆದ ಒಲೆಯಲ್ಲಿ ಬೆಂಕಿಯ ಆರನೇ ಒಂದು ಪಾಲು ಹಂಡೆಗೆ ಮುಟ್ಟಿದರೆ ದೊಡ್ಡದು. ಹಾಗಾಗಿ ದಿನಕ್ಕೆ ನಾಲ್ಕು ಕಿಲೋ ಒಣ ಸೌದೆ, ವರ್ಷಕ್ಕೆ ಒಂದೂವರೆ ಟನ್ನಿನ ಹತ್ತಿರ. ತೋಟವಿರುವ ಮನೆಯಲ್ಲಿ ಇದರ ಬಹುಭಾಗ ಕಾಲಬುಡದಲ್ಲೇ ಬಿದ್ದಿರುತ್ತದೆ. ಒಂದು ತೆಂಗು ವರ್ಷಕ್ಕೆ 12ರಷ್ಟು ಮಡಲು ಉದುರಿಸುತ್ತದೆ. ಗರಿ ಬುಡಕ್ಕೆ ಹೊದಿಕೆ, ಮಡಲಿನ ದಪ್ಪ ಬುಡವಾದ ಕೊತ್ತಳಿಗೆ ಒಲೆಗೆ. ಮೇಲಿಂದ ತೆಂಗಿನ ಸಿಪ್ಪೆ, ಗೆರಟೆ, ಚಾಲಿ ಸುಲಿದ ಅಡಿಕೆ ಸಿಪ್ಪೆ. ಇಷ್ಟಿದ್ದೂ ಗುಡ್ಡೆಗೆ ಹೋಗುವುದೇಕೆಂದರೆ ಜುಲೈಯಲ್ಲಿ ಇವೆಲ್ಲ ಅಂಗಳದ ಮೂಲೆಯಲ್ಲಿ ನೆನೆದು ಬೂಸಲು ಹಿಡಿದಿರುತ್ತವೆ. ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಸೌದೆ ಕೊಟ್ಟಗೆ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಅಡ್ಡ ಕಂಬ, ಏಪ್ರಿಲಿನಲ್ಲೇ ತುಂಬಿಸುವ ಅಭ್ಯಾಸ: ಗುಡ್ಡೆಗೆ ನೂರು ಸಸಿಗಿಂತ ಇದು ದೊಡ್ಡ ಉಪಕಾರ. ಸೋಲಾರ್ ಹೀಟರ್ ಒಳ್ಳೆಯದೇ, ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮೋಡದಲ್ಲಿ ಅದನ್ನು ನಂಬಿ ಕೊಟ್ಟಗೆ ಖಾಲಿ ಇಡಬೇಡಿ.

ಗೋಬರ್ ಗ್ಯಾಸಿನಲ್ಲಿ ತಪ್ಪುವುದು ಅಳತೆ. ಮನೆಯಲ್ಲಿ ಎಷ್ಟು ಜನ ಎಂದು ಎಣಿಸಿ ಕಟ್ಟಿಸುತ್ತಾರೆ, ಎಣಿಸಬೇಕಾದದ್ದು ಸೆಗಣಿ. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸೆಗಣಿ, ಅಷ್ಟೇ ನೀರು. ದೊಡ್ಡ ತಳಿಯ ದನವಾದರೆ ನಾಲ್ಕೈದು ಬೇಕು, ಕಾಸರಗೋಡು ಗಿಡ್ಡವಾದರೆ ಅದಕ್ಕಿಂತ ತುಂಬ ಹೆಚ್ಚು. ಒಂದೇ ದನ ಉಳಿದಿದ್ದರೆ ಕಟ್ಟಿಸುವ ಮೊದಲು ಎರಡು ಸಲ ಯೋಚಿಸಿ. ಸರಿಯಾಗಿ ನಡೆದರೆ ನಾಲ್ಕೈದು ಜನರ ಅಡುಗೆ ಆಗುತ್ತದೆ, ಹಟ್ಟಿಗೆ ಹಾಸುವ ಸೊಪ್ಪಿನ ಅಗತ್ಯವೂ ಇಳಿಯುತ್ತದೆ, ಏಕೆಂದರೆ ಗ್ಯಾಸ್ ಬಿಟ್ಟು ಹೊರಬರುವ ಸೆಗಣಿ ಬಗ್ಗಡ ನೇರ ತೋಟಕ್ಕೆ ಹೋಗುತ್ತದೆ.

ಈಗ ಕುತ್ತಿ. ಡಿಸೆಂಬರ್-ಜನವರಿಯಲ್ಲಿ ಗುಡ್ಡೆ ಸುತ್ತಿ, ಜೀವವಿರುವ ಪ್ರತಿ ಕುತ್ತಿಗೂ ಬಣ್ಣದ ಬಟ್ಟೆ ಕಟ್ಟಿ, ಎಣಿಸಿ. ಮೊದಲ ವರ್ಷ ಒಂದೊಂದರಲ್ಲಿ ಎರಡು ಚಿಗುರು ಉಳಿಸಿ, ಮರುವರ್ಷ ಒಂದೇ. ತಪ್ಪುವುದು ಆಯ್ಕೆಯಲ್ಲಿ. ಕುತ್ತಿಯ ತಲೆಯಿಂದ ಎದ್ದ ಚಿಗುರು ದಪ್ಪವಾಗಿ, ಎತ್ತರವಾಗಿ ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದನ್ನೇ ಉಳಿಸುತ್ತಾರೆ. ಕುತ್ತಿಯ ತಲೆ ಕೊಳೆಯುತ್ತಾ ಬಂದಂತೆ ಅದರ ಹಿಡಿತ ಸಡಿಲುತ್ತದೆ. ನಾಲ್ಕಾರು ವರ್ಷದ ಮೇಲೆ ಒಂದು ಗಾಳಿಮಳೆಗೆ ಸಿಗಿದು ಬೀಳುತ್ತದೆ. ಮಣ್ಣಿಗೆ ತಾಗಿಕೊಂಡು, ಬುಡದ ಬದಿಯಿಂದ ಎದ್ದದ್ದನ್ನು ಉಳಿಸಿ. ಅದು ಸಪುರವಿದ್ದರೂ ಸರಿ, ಮುಂದೆ ತನ್ನದೇ ಬೇರು ಬಿಡುತ್ತದೆ. ಉಳಿದವನ್ನು ಬುಡಕ್ಕೆ ಸಮನಾಗಿ, ನೀರು ನಿಲ್ಲದಂತೆ ಓರೆಯಾಗಿ ಕಡಿಯಿರಿ. ಆ ವರ್ಷದ ಸೊಪ್ಪೂ ಚಿಲ್ಲರೆ ಸೌದೆಯೂ ಅದರಲ್ಲೇ ಸಿಕ್ಕಿತು. ಸುತ್ತ ಒಂದು ಕೈಯಳತೆ ಮಾತ್ರ ಸವರಿ. ಕೇಪಳ, ಕುಂಟಾಲ, ನೆಕ್ಕರೆಯಂಥ ಪೊದೆಗಳು ಇದ್ದಲ್ಲೇ ಇರಲಿ. ಎಳೆಯ ಬುಡಕ್ಕೆ ಬೇಸಗೆಯ ನೆರಳು ಅವುಗಳದ್ದೇ.

ಕುತ್ತಿಯೇ ಇಲ್ಲದ ಜಾಗದಲ್ಲಿ ನೆಡಿ, ಧಾರಾಳವಾಗಿ ನೆಡಿ. ಹತ್ತಿರದ ಬನದಲ್ಲಿ (ದೇವರ ಕಾಡಿನಲ್ಲಿ) ಯಾವ ಮರವಿದೆ ನೋಡಿ, ಅದರ ಬೀಜವೇ ಮೊದಲ ಆಯ್ಕೆ. ಧೂಪ, ಬೋಗಿ ಮರಗಳ ಬೀಜ ತಂದು ಡಬ್ಬಿಯಲ್ಲಿಡಬೇಡಿ, ಬಿದ್ದ ಕೆಲವೇ ದಿನಗಳಲ್ಲಿ ಮೊಳಕೆಯ ಶಕ್ತಿ ಹೋಗುತ್ತದೆ. ಒಂದೂವರೆ ಅಡಿಯ ಗುಂಡಿ ಸಾಕು. ಮುರಕಲ್ಲಿನಲ್ಲಿ ಆಳಕ್ಕೆ ಕೊರೆದ ಗುಂಡಿ ಮಳೆಗಾಲದಲ್ಲಿ ನೀರು ಕಟ್ಟಿದ ತೊಟ್ಟಿಯಾಗಿ ಬೇರು ಕೊಳೆಸುತ್ತದೆ, ಆದ್ದರಿಂದ ಮಣ್ಣು ತುಂಬಿ ನಾಲ್ಕು ಬೆರಳು ಏರಿಸಿಯೇ ಸಸಿ ಇಡಿ. ತೊಟ್ಟೆಯೊಳಗೆ ಬೇರು ಸುರುಳಿ ಸುತ್ತಿದ್ದರೆ ಆ ಭಾಗ ಕತ್ತರಿಸಿ ನೆಡಿ. ಬರೀ ಪಾರೆಯ (ಮಣ್ಣಿಲ್ಲದ ಕಲ್ಲುಹಾಸಿನ) ಮೇಲೆ ಮಾತ್ರ ಏನೂ ನೆಡಬೇಡಿ. ಪೊಸಡಿ ಗುಂಪೆ ಗುಡ್ಡದಂಥಲ್ಲಿ ಮಳೆಗಾಲಕ್ಕೆ ಏಳುವ ಹುಲ್ಲು, ಹೂಗಳ ಜಾಗ ಅದು. ಬೋಳೆಂದು ಕಂಡರೂ ಬೋಳಲ್ಲ.

ಇದರಿಂದ ಕೆಳಗಿನ ಸುರಂಗಕ್ಕೆ (ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದದ್ದು) ನೀರು ಹೆಚ್ಚುತ್ತದೋ ಎಂದು ಕೇಳುತ್ತಾರೆ. ಹಾಗೆಂದು ಯಾರಿಗೂ ಮಾತು ಕೊಡಲಾರೆ. ಕಲ್ಲಿನ ಬಿರುಕು ಯಾವ ಕಡೆ ಓಡಿದೆ ಎಂಬುದರ ಮೇಲೆ ಅದು ನಿಂತಿದೆ. ಜೆಸಿಬಿ ಬರಿದು ಮಾಡಿದ ಗುಡ್ಡೆಯ ಮೇಲ್ಮಣ್ಣು ಮೊದಲ ಮಳೆಗೆ ತೋಡು ಸೇರುತ್ತದೆ ಎಂಬುದನ್ನಂತೂ ಧೈರ್ಯವಾಗಿ ಹೇಳಬಹುದು.

ಕೊನೆಗೆ ಬೆಂಕಿ. ಮುಳಿಹುಲ್ಲು ಒಣಗಿದ ಫೆಬ್ರವರಿಯಲ್ಲಿ ಒಂದು ಬೀಡಿಯ ತುಂಡು ಸಾಕು, ಎರಡು ವರ್ಷ ಆರಿಸಿ ಬಿಟ್ಟ ಚಿಗುರೆಲ್ಲ ಕರಕಲು. ಜನವರಿ ಮುಗಿಯುವ ಮೊದಲು ಗುಡ್ಡೆಯ ಅಂಚಿಗೆ ಹತ್ತಡಿ ಅಗಲಕ್ಕೆ ಹುಲ್ಲು ಕೆತ್ತಿಸಿ. ಪಕ್ಕದ ಜಾಗದಲ್ಲಿ ಅಕೇಸಿಯಾ ಇದ್ದರೆ ಆ ಬದಿಗೆ ಹದಿನೈದಡಿ ಕೆತ್ತಿಸಿ. ಬೇಗ ಕೊಳೆಯದ ಅದರ ತರಗೆಲೆ ದಪ್ಪಕ್ಕೆ ಬಿದ್ದು ಹುಲ್ಲಿಗಿಂತ ಹೆಚ್ಚು ಹೊತ್ತು ಉರಿಯುತ್ತದೆ. ಬೆಂಕಿ ಬಿದ್ದೇ ಹೋದರೂ ಕುತ್ತಿಯನ್ನು ಕೀಳಿಸಬೇಡಿ. ಮೊದಲ ಮಳೆಯ ಮೇಲೆ ತಿಂಗಳು ಕಾದು ಬುಡ ನೋಡಿ, ಮತ್ತೆ ಚಿಗುರಿರುತ್ತದೆ.