ಟ್ರಾನ್ಸ್‌ಫರ್ ಕೇಸ್: 4ಡಬ್ಲ್ಯುಡಿ ಮತ್ತು ಎಡಬ್ಲ್ಯುಡಿ ಬೇರೆಯಾಗುವುದೆಲ್ಲಿ?

4ಡಬ್ಲ್ಯುಡಿ ಎಂದರೆ ಫೋರ್ ವೀಲ್ ಡ್ರೈವ್, ಎಡಬ್ಲ್ಯುಡಿ ಎಂದರೆ ಆಲ್ ವೀಲ್ ಡ್ರೈವ್; ಎರಡರಲ್ಲೂ ಇಂಜಿನ್ ಶಕ್ತಿ ನಾಲ್ಕೂ ಚಕ್ರಗಳಿಗೆ ಹೋಗಬಲ್ಲದು. ಗೇರ್‌ಬಾಕ್ಸ್‌ನಿಂದ ಬಂದ ಶಕ್ತಿಯನ್ನು ಹಿಂದಿನ ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ಹಂಚುವುದು ಟ್ರಾನ್ಸ್‌ಫರ್ ಕೇಸ್. ಯಾವ ಕೇಸ್ ಎದುರಿಗಿದ್ದರೂ ಮೊದಲು ಕೇಳಬೇಕಾದದ್ದು ಇದು: ಎರಡು ಶಾಫ್ಟ್‌ಗಳು ಬೇರೆಬೇರೆ ವೇಗದಲ್ಲಿ ತಿರುಗಲು ಅದು ಬಿಡುತ್ತದೆಯೇ?

ಬಿಡಬೇಕಾದದ್ದೇಕೆ ಎಂಬುದು ಲೆಕ್ಕದಲ್ಲೇ ಕಾಣುತ್ತದೆ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3.2 ಮೀಟರ್, ತಿರುವಿನಲ್ಲಿ ಹಿಂದಿನ ಆಕ್ಸಲ್‌ನ ನಡುಭಾಗ 6 ಮೀಟರ್ ತ್ರಿಜ್ಯದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಪೈಥಾಗರಸ್ ಸೂತ್ರದಂತೆ ಮುಂದಿನದರ ತ್ರಿಜ್ಯ 6.8 ಮೀಟರ್. 90 ಡಿಗ್ರಿ ತಿರುಗುವಷ್ಟರಲ್ಲಿ ಹಿಂದಿನ ಆಕ್ಸಲ್ ಸುಮಾರು 9.4 ಮೀಟರ್ ಸಾಗಿದರೆ ಮುಂದಿನದು 10.7 ಮೀಟರ್ ಸಾಗಿರುತ್ತದೆ. ಟೈರ್ ಸುತ್ತಳತೆ 2.4 ಮೀಟರ್, ಆಕ್ಸಲ್ ಅನುಪಾತ 4.1 (ಚಕ್ರದ ಒಂದು ಸುತ್ತಿಗೆ ಶಾಫ್ಟ್ 4.1 ಸುತ್ತು) ಇದ್ದರೆ ಮುಂದಿನ ಶಾಫ್ಟ್ ಹಿಂದಿನದಕ್ಕಿಂತ ಎರಡು ಸುತ್ತಿಗೂ ಹೆಚ್ಚು ತಿರುಗಬೇಕು.

ಬೇಕಾದಾಗ ಮಾತ್ರ ಮುಂದಿನ ಚಕ್ರಗಳನ್ನೂ ಸೇರಿಸಿಕೊಳ್ಳುವ ಪಾರ್ಟ್‌ಟೈಮ್ 4ಡಬ್ಲ್ಯುಡಿ ಇದಕ್ಕೆ ಎಡೆ ಕೊಡುವುದಿಲ್ಲ. 4ಎಚ್‌ಗೆ (ನಾಲ್ಕು ಚಕ್ರ, ಹೈ ರೇಂಜ್) ಹಾಕಿದೊಡನೆ ಕಾಲರ್ ಎಂಬ ಸರಿಯುವ ಉಂಗುರ ಎರಡೂ ಶಾಫ್ಟ್‌ಗಳನ್ನು ಬಿಗಿಯಾಗಿ ಜೋಡಿಸುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಟೈರ್ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲ, ಶಾಫ್ಟ್‌ಗಳು ತಿರುಚಿಕೊಂಡು ಬಿಗಿಯುತ್ತವೆ: ಸ್ಟೀರಿಂಗ್ ಭಾರವಾಗುತ್ತದೆ, ಟೈರ್ ಎಗರುತ್ತದೆ, ಲಿವರ್ 2ಎಚ್‌ಗೆ (ಎರಡೇ ಚಕ್ರ, ಹೈ ರೇಂಜ್) ಮರಳುವುದಿಲ್ಲ. ಆಗ ಲಿವರ್ ಜಗ್ಗಬೇಡಿ, ಶಿಫ್ಟ್ ಫೋರ್ಕ್ ಬಾಗುತ್ತದೆ. ನೇರವಾಗಿ ಕೆಲವು ಮೀಟರ್ ರಿವರ್ಸ್ ಹೋದರೆ ಬಿಗಿತ ಸಡಿಲವಾಗುತ್ತದೆ. 4ಎಲ್‌ನಲ್ಲಿ (ನಾಲ್ಕು ಚಕ್ರ, ನಿಧಾನ ವೇಗದ ಲೋ ರೇಂಜ್) ಇದರ ಜೊತೆಗೆ ಪ್ಲಾನೆಟರಿ ಗೇರ್ ಸೇರಿ ಟಾರ್ಕ್, ಅಂದರೆ ತಿರುಗಿಸುವ ಬಲ, ಹೆಚ್ಚುತ್ತದೆ. ಎನ್‌ಪಿ 231 ಎಂಬ ಪಾರ್ಟ್‌ಟೈಮ್ ಕೇಸ್‌ನಲ್ಲಿ ಅದು 2.72 ಪಟ್ಟು.

ಎಡಬ್ಲ್ಯುಡಿ ಕೇಸ್‌ನಲ್ಲಿ ಶಾಫ್ಟ್‌ಗಳ ನಡುವೆ ಬೇರೆಬೇರೆ ವೇಗಕ್ಕೆ ಎಡೆ ಕೊಡುವ ಸೆಂಟರ್ ಡಿಫರೆನ್ಷಿಯಲ್ (ಗೇರ್ ಜೋಡಣೆ) ಅಥವಾ ಕ್ಲಚ್ ಪ್ಯಾಕ್ ಇರುತ್ತದೆ, ಹಾಗಾಗಿ ಡಾಂಬರಿನ ಮೇಲೂ ನಿಶ್ಚಿಂತೆ. ಆದರೆ ಡಿಫರೆನ್ಷಿಯಲ್ ಓಪನ್ (ತಡೆಯಿಲ್ಲದ್ದು) ಆಗಿದ್ದರೆ ಒಂದು ಚಕ್ರ ಗಾಳಿಯಲ್ಲಿ ತಿರುಗಿದರೂ ಸಾಕು, ಉಳಿದ ಮೂರಕ್ಕೆ ಏನೂ ಸಿಗುವುದಿಲ್ಲ. ಅದಕ್ಕೇ ಡಿಫರೆನ್ಷಿಯಲ್ ಲಾಕ್ ಅಥವಾ ವಿಸ್ಕಸ್ ಕಪ್ಲಿಂಗ್ (ವೇಗದ ವ್ಯತ್ಯಾಸವನ್ನು ದಪ್ಪ ದ್ರವದಿಂದ ತಡೆಯುವ ಜೋಡಣೆ) ಬೇಕು. ಬೋರ್ಗ್‌ವಾರ್ನರ್ 4404ರಲ್ಲಿ ವಿಸ್ಕಸ್ ಕಪ್ಲಿಂಗ್ ಇದೆ, ಲೋ ರೇಂಜ್ ಇಲ್ಲ. ಎನ್‌ವಿ 242ರಲ್ಲಿ ಡಿಫರೆನ್ಷಿಯಲ್, ಲಾಕ್, ಲೋ ರೇಂಜ್ ಮೂರೂ ಇವೆ. ಆದ್ದರಿಂದ ಗಾಡಿಯ ಮೇಲಿನ ಬ್ಯಾಡ್ಜ್ ನಂಬಬೇಡಿ, ಕೇಸ್‌ನ ಟ್ಯಾಗ್ ಓದಿ.

ಎಡಬ್ಲ್ಯುಡಿಯನ್ನು ಹೆಚ್ಚು ಕೆಡಿಸುವುದು ಟೈರ್. ಎರಡು ಹೊಸವು, ಎರಡು ಸವೆದವು ಹಾಕಿದರೆ ನೇರ ರಸ್ತೆಯಲ್ಲೂ ಕ್ಲಚ್ ಅಥವಾ ವಿಸ್ಕಸ್ ಕಪ್ಲಿಂಗ್ ಸದಾ ಜಾರುತ್ತಾ ಬಿಸಿಯೇರುತ್ತದೆ. ಒಣ ನೆಲದಲ್ಲಿ ನಿಧಾನವಾಗಿ ಪೂರ್ತಿ ಸ್ಟೀರಿಂಗ್ ತಿರುಗಿಸಿ ನೋಡಿ. ಗಾಡಿ ಹಿಡಿದಂತಾದರೆ ವಿಸ್ಕಸ್ ಕಪ್ಲಿಂಗ್ ಕಚ್ಚಿಕೊಂಡಿರುವ ಶಂಕೆ ಬಲವಾಗಿದೆ.

ಎಣ್ಣೆಯ ವಿಷಯಕ್ಕೆ ಬಂದರೆ, ಎನ್‌ಪಿ 231ಗೆ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಸುಮಾರು ಒಂದು ಲೀಟರ್ ಸಾಕು. ಕ್ಲಚ್ ಇರುವ ಕೇಸ್‌ಗಳಿಗೆ ತಯಾರಕರು ಹೇಳಿದ್ದೇ ಆಗಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕ್ಲಚ್ ಅದುರುತ್ತದೆ. ಡ್ರೈನ್ ಪ್ಲಗ್‌ಗಿಂತ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ. ಎಣ್ಣೆ ಖಾಲಿಯಾದ ಮೇಲೆ ಫಿಲ್ಲರ್ ಪ್ಲಗ್ ಜಗ್ಗದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ.

4ಎಚ್‌ನಲ್ಲಿ ಜೋರಾಗಿ ಎಳೆಯುವಾಗ ಮಾತ್ರ ಟಕ್ ಟಕ್ ಸದ್ದು ಬಂದರೆ ಕೇಸ್‌ನೊಳಗೆ ಮುಂದಿನ ಶಾಫ್ಟ್ ತಿರುಗಿಸುವ ಚೈನ್ ಉದ್ದವಾಗಿ ಹಲ್ಲು ದಾಟುತ್ತಿರಬಹುದು. ಎಣ್ಣೆ ಬದಲಿಸಿ ಇದು ಸರಿಹೋಗದು. ಚೈನ್ ಬದಲಿಸಿ, ಸ್ಪ್ರಾಕೆಟ್ ಹಲ್ಲುಗಳ ಸವೆತವನ್ನೂ ಆಗಲೇ ಪರೀಕ್ಷಿಸಿ.